ಮೊಟ್ಟೆ ಗೂಡಿಗೆ ನುಗ್ಗಿದ್ದು ಯಾರು? ಮೂರು ಡೈನೋಸಾರ್ ಲೆಕ್ಕದಾಟ, ಇಬ್ಬರು ಮಕ್ಕಳು

ಏಪ್ರಿಲ್ ರಜೆಗೆ ಅಕ್ಕನ ಮಗಳು ಹದಿನೈದು ದಿನ ನಮ್ಮ ಮನೆಗೆ ಬಂದಿದ್ದಳು. ಪುಟ್ಟಿಗೆ ಒಂಬತ್ತು, ನಾಲ್ಕನೇ ಕ್ಲಾಸ್ ಮುಗಿಸಿದ್ದಾಳೆ. ನನ್ನ ಮಗ ಗುಂಡನಿಗೆ ಏಳು. ಇಬ್ಬರಿಗೂ ಡೈನೋಸಾರ್ ಹುಚ್ಚು. ಮಗ್ಗಿ ಹೇಳು ಅಂದರೆ ಮಾತ್ರ ಹೊಟ್ಟೆನೋವು ಶುರು. ಹುಚ್ಚನ್ನೂ ಹೊಟ್ಟೆನೋವನ್ನೂ ಸೇರಿಸಿ ನೋಡೋಣ ಅಂತ ಮೂರು ಬಗೆಯ ಪತ್ತೇದಾರಿ ಲೆಕ್ಕದಾಟ ಆಡಿಸಿದೆ. ಒಂದು ಪ್ರಿಂಟ್ ತೆಗೆಸಿದ ಹಾಳೆಗಳದ್ದು, ಇನ್ನೊಂದು ಮೊಬೈಲ್ ಆ್ಯಪ್, ಮೂರನೆಯದು ನಾನೇ ಕಟ್ಟಿದ್ದು. ಮೂರನೆಯದರ ಬಗ್ಗೆ ಜಾಸ್ತಿ ಹೇಳುತ್ತೇನೆ, ಅದು ನನ್ನದು ಅನ್ನುವ ಪಕ್ಷಪಾತ ಇದ್ದೇ ಇದೆ.

ಮೊದಲು ಹಾಳೆ. ಜೆರಾಕ್ಸ್ ಅಂಗಡಿಯಲ್ಲಿ 14 ಪುಟಕ್ಕೆ 28 ರೂಪಾಯಿ ಆಯಿತು. ಕತೆ ಇಷ್ಟೇ: ಮ್ಯೂಸಿಯಂನಿಂದ ಒಂದು ಮೂಳೆ ಕಳುವಾಗಿದೆ, 32 ಜನ ಡೈನೋಸಾರ್‌ಗಳ ಮೇಲೆ ಅನುಮಾನ. ಐದು ಸುಳಿವು. ಪ್ರತಿ ಸುಳಿವಿಗೆ ಎಂಟೋ ಹತ್ತೋ ಲೆಕ್ಕ ಮಾಡಬೇಕು. ಬಂದ ಉತ್ತರಕ್ಕೆ ಒಂದೊಂದು ಅಕ್ಷರ, ಅಕ್ಷರ ಜೋಡಿಸಿದರೆ ಇಂಗ್ಲಿಷಿನಲ್ಲಿ ಒಂದು ವಾಕ್ಯ: ಕಳ್ಳ ಟೋಪಿ ಹಾಕಿಲ್ಲ, ಕಳ್ಳನಿಗೆ ಕನ್ನಡಕ ಇಲ್ಲ, ಹೀಗೆ. ಒಂದೊಂದು ಸುಳಿವಿಗೂ ಅರ್ಧ ಪಟ್ಟಿ ಹೊಡೆದುಹಾಕಬೇಕು. 32, 16, 8, 4, 2, ಆಮೇಲೆ ಒಬ್ಬನೇ. ಈ ಅರ್ಧ ಅರ್ಧ ಮಾಡುವ ಉಪಾಯ ನನಗೆ ಬಹಳ ಇಷ್ಟವಾಯಿತು. ಐದೇ ಪ್ರಶ್ನೆಗೆ 32 ಜನರಲ್ಲಿ ಒಬ್ಬ ಸಿಕ್ಕಿಬೀಳುತ್ತಾನೆ ಅಂದರೆ ಮಕ್ಕಳಿಗೆ ಮ್ಯಾಜಿಕ್ ಥರ.

ಆದರೆ ಪುಟ್ಟಿ ಮೂರನೇ ಸುಳಿವಿಗೇ ಪೆನ್ಸಿಲ್ ಕೆಳಗಿಟ್ಟಳು. “ಚಿಕ್ಕಮ್ಮ, ಉಳಿದಿರೋದು ನಾಲ್ಕೇ. ಈ ಟ್ರೈಸೆರಾಟಾಪ್ಸ್ ಮುಖ ನೋಡಿದ್ರೇ ಗೊತ್ತಾಗತ್ತೆ.” ಅವಳು ಹೇಳಿದ್ದು ಸರಿಯೇ ಆಯಿತು! ಇನ್ನೆರಡು ಹಾಳೆ ಹಾಗೇ ಉಳಿದವು. ಅಲ್ಲಿಗೆ ನನಗೆ ಇದರ ಕೊರತೆ ಗೊತ್ತಾಯಿತು. 7×8 ಅನ್ನುವುದಕ್ಕೂ ಟೋಪಿಗೂ ಏನು ಸಂಬಂಧ? ಲೆಕ್ಕ ಇಲ್ಲಿ ಬೀಗ, ಕತೆ ಆಚೆ ಎಲ್ಲೋ ಇದೆ. ಬೀಗ ಒಡೆಯದೆ ಕಿಟಕಿಯಿಂದ ಹೋಗಬಹುದು ಅಂದರೆ ಯಾವ ಮಗುವೂ ಕಿಟಕಿಯಿಂದಲೇ ಹೋಗುತ್ತದೆ.

ಎರಡನೇ ಸುಳಿವಿನಲ್ಲಿ ಇನ್ನೊಂದು ಎಡವಟ್ಟು. 7×9ಕ್ಕೆ 63 ಬಂತು, ಅಕ್ಷರದ ಪಟ್ಟಿಯಲ್ಲಿ 63 ಇಲ್ಲವೇ ಇಲ್ಲ. ಪಟ್ಟಿ ಮಾಡಿದವರೇ ಬಿಟ್ಟಿದ್ದಾರೆ. ತನ್ನ ಮಗ್ಗಿ ತಪ್ಪು ಅಂದುಕೊಂಡು ಪುಟ್ಟಿ ನಾಲ್ಕು ಸಲ ಅಳಿಸಿ ಬರೆದಳು, ಹಾಳೆ ತೂತಾಯಿತು. ಕೊಡುವ ಮುಂಚೆ ನಾನೊಮ್ಮೆ ಬಿಡಿಸಿ ನೋಡಬೇಕಿತ್ತು.

ಚಿತ್ರಗಳಲ್ಲಿ ಸ್ಟೆಗೊಸಾರಸ್ಸೂ ಟಿ-ರೆಕ್ಸೂ ಪಕ್ಕಪಕ್ಕ ಕೂತು ಚಹಾ ಕುಡಿಯುತ್ತವೆ. ಸ್ಟೆಗೊಸಾರಸ್ ಇದ್ದದ್ದು ಸುಮಾರು 15 ಕೋಟಿ ವರ್ಷದ ಹಿಂದೆ, ಟಿ-ರೆಕ್ಸ್ ಸುಮಾರು 6 ಕೋಟಿ 70 ಲಕ್ಷ ವರ್ಷದ ಹಿಂದೆ. ಕಳೆದು ನೋಡಿ. ಸ್ಟೆಗೊಸಾರಸ್‌ಗಿಂತ ನಾವೇ ಟಿ-ರೆಕ್ಸಿಗೆ ಹತ್ತಿರದವರು. ಇಡೀ ಕಂತೆಯಲ್ಲಿ ಇದಕ್ಕಿಂತ ಒಳ್ಳೆಯ ಲೆಕ್ಕ ಇರಲಿಲ್ಲ, ಅದನ್ನೇ ಅವರು ಹಾಕಿಲ್ಲ. ಇನ್ನು ಹಾಳೆಯಲ್ಲಿ ಬರುವ ‘66 ಮಿಲಿಯನ್’ ವರ್ಷ ಇಬ್ಬರ ತಲೆಗೂ ಹತ್ತಲಿಲ್ಲ. 6 ಕೋಟಿ 60 ಲಕ್ಷ ಅಂದಾಗ ಗುಂಡ “ಅಯ್ಯೋ, ಕೋಟಿನಾ!” ಅಂದ.

ಆ್ಯಪ್ ವಿಷಯ ಬೇಗ ಮುಗಿಸುತ್ತೇನೆ. ಓದಲು ಇನ್ನೂ ತಡವರಿಸುವ ಗುಂಡನಿಗೆ ಅದು ಪ್ರಶ್ನೆಯನ್ನು ಓದಿ ಹೇಳುತ್ತದೆ, ಅದು ದೊಡ್ಡ ಅನುಕೂಲ. ತಪ್ಪಾದರೆ ಸುಲಭದ್ದು ಕೊಡುತ್ತದೆ, ಸರಿಯಾದರೆ ಕಷ್ಟದ್ದು. ಬಸ್ಸಿನಲ್ಲಿ ಎರಡು ಗಂಟೆ ಸದ್ದಿಲ್ಲದೆ ಕಳೆಯಿತು. ಆದರೆ ಪ್ರತಿ ಪ್ರಶ್ನೆಗೂ ನಾಲ್ಕು ಉತ್ತರ ಕೊಟ್ಟಿರುತ್ತಾರೆ, ಸುಮ್ನೆ ಒತ್ತುತ್ತಾ ಹೋದರೂ ನಾಲ್ಕಕ್ಕೊಂದು ಸರಿಯಾಗುತ್ತದೆ. ಇನ್ನೊಂದು ಸಮಸ್ಯೆ ಯಾರೂ ಊಹಿಸದ್ದು. ಉತ್ತರ ತಪ್ಪಾದರೆ ಡೈನೋಸಾರ್ ಜಾರಿ ಕೆಸರಿಗೆ ದೊಪ್ಪನೆ ಬೀಳುತ್ತದೆ. ಸರಿಯಾದರೆ ಒಂದು ನಕ್ಷತ್ರ, ಅಷ್ಟೇ. ಎರಡನೇ ದಿನದಿಂದ ನಮ್ಮ ಗುಂಡ ಬೇಕಂತಲೇ ತಪ್ಪು ಒತ್ತಲು ಶುರು ಮಾಡಿದ. ಅದಕ್ಕೂ ಸರಿ ಉತ್ತರ ಗೊತ್ತಿರಬೇಕಲ್ಲ ಅಂತ ನನ್ನ ಗಂಡನ ವಾದ. ಮೂರು ದಿನ ಆದಮೇಲೆ ಆ್ಯಪ್ ದುಡ್ಡು ಕೇಳಿತು, ತೆಗೆದುಹಾಕಿದೆ.

ಆಮೇಲೆ ನನ್ನದು. ಇದಕ್ಕೆ ನಿಜವಾದ ಕೇಸೇ ಒಂದು ಇದೆ. ಗುಜರಾತಿನ ಧೋಲಿ ಡುಂಗ್ರಿ ಅನ್ನುವ ಊರಿನ ಹತ್ತಿರ ಧನಂಜಯ್ ಮೊಹಬೆ ಎಂಬ ಭೂವಿಜ್ಞಾನಿಗೆ 1980ರ ದಶಕದಲ್ಲಿ ಡೈನೋಸಾರ್ ಗೂಡೊಂದು ಸಿಕ್ಕಿತು. ಕಲ್ಲಾದ ಮೊಟ್ಟೆ, ಪಕ್ಕದಲ್ಲಿ ಮರಿಯ ಮೂಳೆ. ಅದೇ ಕಲ್ಲಿನಲ್ಲಿ ಇನ್ನೂ ಒಂದಷ್ಟು ಮೂಳೆ ಇತ್ತು. ಅದು ಹಾವಿನದು ಅಂತ ಗೊತ್ತಾಗಿದ್ದು 2001ರಲ್ಲಿ, ಜೆಫ್ ವಿಲ್ಸನ್ ಎಂಬ ಅಮೆರಿಕದ ವಿಜ್ಞಾನಿ ನೋಡಿದಾಗ. ಲೇಖನ ಬಂದದ್ದು 2010ರಲ್ಲಿ. ಹಾವಿಗೆ ಸನಾಜೆ ಅಂತ ಹೆಸರಿಟ್ಟರು. ಮೂರೂವರೆ ಮೀಟರ್ ಉದ್ದ, ಮೊಟ್ಟೆಯನ್ನು ಸುತ್ತಿಕೊಂಡೇ ಕಲ್ಲಾಗಿದೆ. ಆರೋಪಿ ಕಣ್ಣೆದುರಿಗೇ ಮಲಗಿದ್ದ, ಯಾರಿಗೂ ಕಂಡಿರಲಿಲ್ಲ! ಇಂಥದ್ದು ಇರುವಾಗ ಟೋಪಿ, ಕನ್ನಡಕ ಯಾಕೆ?

ತಯಾರಿಗೆ ಎರಡು ಸಂಜೆ ಹೋಯಿತು, ಅದನ್ನು ಮುಚ್ಚಿಡುವುದಿಲ್ಲ. ಸಾಮಾನು: ಸೀಮೆಸುಣ್ಣ, ಹೊಲಿಗೆ ಟೇಪು, ಒಂದು ಹಳೇ ಸೀರೆ, ಒಂದು ಕರಬೂಜದ ಹಣ್ಣು. ಜಾಗ ತಾರಸಿ. ಅನುಮಾನ ಐವರ ಮೇಲೆ: ಮಾಂಸ ತಿನ್ನುವ ರಾಜಾಸಾರಸ್, ಐಸಿಸಾರಸ್, ಬಾರಾಪಾಸಾರಸ್, ಓವಿರಾಪ್ಟರ್, ಸನಾಜೆ ಹಾವು. ಮೊಟ್ಟೆ ಗೂಡಿಗೆ ಯಾರೋ ನುಗ್ಗಿದ ಘಟನೆ ನಡೆದದ್ದು ಸುಮಾರು 6 ಕೋಟಿ 70 ಲಕ್ಷ ವರ್ಷದ ಹಿಂದೆ ಅಂತ ನೆಲದ ಮೇಲೆ ಬರೆದೆ. ಪ್ರತಿಯೊಬ್ಬರಿಗೂ ಒಂದು ಚೀಟಿ.

ಬಾರಾಪಾಸಾರಸ್ ಬದುಕಿದ್ದು ಸುಮಾರು 18 ಕೋಟಿ ವರ್ಷದ ಹಿಂದೆ. ಅದರ ಪೂರ್ತಿ ಹೆಸರಿನಲ್ಲಿ ರವೀಂದ್ರನಾಥ ಟ್ಯಾಗೋರರ ಹೆಸರೂ ಇದೆ. ಪುಟ್ಟಿ ರಫ್ ನೋಟ್‌ಬುಕ್ಕಿನಲ್ಲಿ ಕಳೆದಳು. 18 ಕೋಟಿಯಿಂದ 6 ಕೋಟಿ 70 ಲಕ್ಷ ಕಳೆಯಲು ಒಂದು ಕೋಟಿ ಸಾಲ ತಗೊಂಡಳು, 11 ಕೋಟಿ 30 ಲಕ್ಷ. “ಇದು ಸತ್ತು ಎಷ್ಟೋ ಕಾಲ ಆಗಿತ್ತು. ಇದಲ್ಲ.” ಯಾರೂ ಹೇಳದೆ ಹೆಸರು ಹೊಡೆದಳು. ನೋಡಿ, ಇಲ್ಲಿ ಕಿಟಕಿ ಇಲ್ಲ. ಕಳೆಯದೆ ಇದ್ದರೆ ಅವನನ್ನು ಬಿಡುಗಡೆ ಮಾಡಲು ಆಗುವುದೇ ಇಲ್ಲ.

ಓವಿರಾಪ್ಟರ್ ಇದ್ದದ್ದು ಮಂಗೋಲಿಯಾದಲ್ಲಿ. ಆಗ ನಮ್ಮ ಭಾರತ ಸಮುದ್ರದ ನಡುವೆ ತೇಲುತ್ತಿದ್ದ ದ್ವೀಪ, ಬರಲು ದಾರಿಯೇ ಇಲ್ಲ. ಅದರ ಕತೆಯೂ ಹೇಳಿದೆ. 1924ರಲ್ಲಿ ಅದಕ್ಕೆ ಹೆಸರಿಟ್ಟರು, ಓವಿರಾಪ್ಟರ್ ಅಂದರೆ ಮೊಟ್ಟೆ ಕಳ್ಳ. ಮೊಟ್ಟೆಗಳ ಜೊತೆ ಸಿಕ್ಕಿತ್ತು ಅನ್ನುವುದೇ ಸಾಕ್ಷಿ. 1993ರಲ್ಲಿ ಅಂಥದ್ದೇ ಮೊಟ್ಟೆಯೊಳಗೆ ಅದರ ಬಳಗದ್ದೇ ಮರಿ ಸಿಕ್ಕಿತು. ಪಾಪ, ತನ್ನದೇ ಮೊಟ್ಟೆ ಕಾಯುತ್ತಿತ್ತು. ಎಷ್ಟು ವರ್ಷ ಕಳ್ಳ ಅನ್ನಿಸಿಕೊಂಡಿತು? ಗುಂಡ ಬೆರಳು ಮಡಿಸಿ ಎಣಿಸಿದ, 69. “ಅಜ್ಜಿಗಿಂತ ಎರಡು ವರ್ಷ ಜಾಸ್ತಿ! ಈಗ ಹೆಸರು ಬದಲಾಯಿಸಿದ್ರಾ?” ಇಲ್ಲ ಅಂದೆ. ಅವನಿಗೆ ನಿಜಕ್ಕೂ ಸಿಟ್ಟು ಬಂತು.

ಐಸಿಸಾರಸ್ ಸೊಪ್ಪು ತಿನ್ನುವ ಪ್ರಾಣಿ, ಅಲ್ಲಿಗೇ ಬಿಡುಗಡೆ. ಆದರೂ ಅದರ ಉದ್ದ ನೋಡಲಿ ಅಂತ ಇಟ್ಟಿದ್ದೆ. ಸುಮಾರು 18 ಮೀಟರ್. ನಮ್ಮ ತಾರಸಿ 9 ಮೀಟರ್, ಬಾಲ ಪಕ್ಕದ ಮನೆಯ ಮೇಲೆ ಹೋಗುತ್ತದೆ. ಹೆಸರಿನ ಮೊದಲಲ್ಲಿ ಇರುವ ‘ಐಸಿ’ ಅಂದರೆ ISI, ಕೋಲ್ಕತಾದ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್. ಲೆಕ್ಕ ಮಾಡುವವರ ಸಂಸ್ಥೆಯ ಹೆಸರು ಹೊತ್ತ ಡೈನೋಸಾರ್!

ರಾಜಾಸಾರಸ್ಸಿಗೆ ಹೆಜ್ಜೆ ಗುರುತು ಬಿಡಿಸಿದ್ದೆ, ಮೂರು ಬೆರಳಿನದು, 45 ಸೆಂಟಿಮೀಟರ್. ಗೂಡಿಗೆ 6 ಮೀಟರ್ ದೂರದಲ್ಲೇ ಹೆಜ್ಜೆ ತಿರುಗಿ ಹೋಗಿತ್ತು. (ಇದು ನನ್ನ ಕಟ್ಟುಕತೆ. ಆ ಗೂಡಿನ ಹತ್ತಿರ ಇಂಥ ಹೆಜ್ಜೆ ಸಿಕ್ಕಿಲ್ಲ ಅಂತ ಮಕ್ಕಳಿಗೂ ಹೇಳಿದ್ದೆ.) ಹೆಜ್ಜೆ ಗುರುತಿನ ಉದ್ದವನ್ನು 4ರಿಂದ ಗುಣಿಸಿದರೆ ಸೊಂಟದ ಎತ್ತರ ಹೆಚ್ಚುಕಮ್ಮಿ ಸಿಗುತ್ತದೆ. ಮ್ಯಾಕ್‌ನೀಲ್ ಅಲೆಕ್ಸಾಂಡರ್ ಎಂಬ ವಿಜ್ಞಾನಿ 1976ರಲ್ಲಿ ಕೊಟ್ಟ ಲೆಕ್ಕ ಇದು. 180 ಸೆಂಟಿಮೀಟರ್ ಬಂತು. ನೀರಿನ ಟ್ಯಾಂಕಿನ ಗೋಡೆಗೆ ಗೆರೆ ಎಳೆದರೆ ನನ್ನ ತಲೆಗಿಂತ ಮೇಲೆ. ಸೊಂಟವೇ ಅಲ್ಲಿ!

ಪುಟ್ಟಿ ಸುಮ್ಮನಿರಲಿಲ್ಲ. ಚಪ್ಪಲಿ ಬಿಚ್ಚಿ ತನ್ನ ಪಾದ ಅಳೆದಳು, 20. ನಾಲ್ಕರಿಂದ ಗುಣಿಸಿ 80. ಗುಂಡನ ಕೈಗೆ ಟೇಪು ಕೊಟ್ಟು ನೆಟ್ಟಗೆ ನಿಂತಳು. ಸೊಂಟದ ಕೀಲು ಇದ್ದದ್ದು 66ಕ್ಕೆ. “ಚಿಕ್ಕಮ್ಮ, ನಿಮ್ಮ ವಿಜ್ಞಾನಿ ತಪ್ಪು.” ನಾನು ಒಂದು ನಿಮಿಷ ತಬ್ಬಿಬ್ಬಾದೆ. ಆಮೇಲೆ ತುದಿಗಾಲಲ್ಲಿ ನಡೆದು ತೋರಿಸಿದೆ. ಡೈನೋಸಾರ್ ಹಿಮ್ಮಡಿ ಊರುತ್ತಿರಲಿಲ್ಲ, ಕೋಳಿಯ ಥರ ಬೆರಳಿನ ಮೇಲೇ ನಡೆಯುತ್ತಿತ್ತು. ನಾವು ಇಡೀ ಪಾದ ಊರುತ್ತೇವೆ, ಅದಕ್ಕೇ ನಮ್ಮ ಗುರುತು ಉದ್ದ. ಇಬ್ಬರೂ ತಾರಸಿ ತುಂಬ ತುದಿಗಾಲಲ್ಲಿ ಓಡಾಡಿದರು, ಕೇಸು ಅರ್ಧ ಗಂಟೆ ನಿಂತಿತು.

ನಮ್ಮೂರಲ್ಲಿ ಯಾಕೆ ಸಿಗಲ್ಲ ಅನ್ನುವ ಪ್ರಶ್ನೆಯೂ ಬಂತು. ಲಾಲ್‌ಬಾಗ್ ಬಂಡೆ ಹತ್ತಿದ್ದೀರಲ್ಲ, ಅದಕ್ಕೆ ಸುಮಾರು 300 ಕೋಟಿ ವರ್ಷ ಅಂದೆ. ಡೈನೋಸಾರ್ ಹುಟ್ಟುವ ಎಷ್ಟೋ ಮುಂಚಿನ ಕಲ್ಲು, ಅದರೊಳಗೆ ಮೂಳೆ ಹೇಗೆ ಸಿಗಬೇಕು?

ಕೊನೆಗೆ ಉಳಿದದ್ದು ಹಾವು. ಸೀರೆ ಐದೂವರೆ ಮೀಟರ್, ಎರಡು ಮೀಟರ್ ಒಳಗೆ ಮಡಚಿ ಹಗ್ಗದಂತೆ ಹೊಸೆದರು, ಮೂರೂವರೆ ಮೀಟರ್ ಸನಾಜೆ ತಯಾರು. ಮೊಟ್ಟೆಯ ಅಗಲ 16 ಸೆಂಟಿಮೀಟರ್, ಅಷ್ಟೇ ಇರುವ ಕರಬೂಜವನ್ನು ನಡುವೆ ಇಟ್ಟು ಸುತ್ತಿದರು. ಮೊಟ್ಟೆ ತಿಂದಿದ್ದು ಇದೇ ಅಂತ ಗುಂಡ ಕುಣಿದ. ಕೊನೇ ಚೀಟಿ ಆಗ ಕೊಟ್ಟೆ: ಈ ಹಾವಿನ ಬಾಯಿ ಈಗಿನ ಹೆಬ್ಬಾವಿನಷ್ಟು ಅಗಲ ತೆರೆಯುತ್ತಿರಲಿಲ್ಲ, ಇಂಥ ಮೊಟ್ಟೆ ಒಳಗೆ ಹೋಗದು. ಗೂಡಿನ ಡೈನೋಸಾರ್ ಮರಿಯ ಉದ್ದ ಅರ್ಧ ಮೀಟರ್. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. “ಹಾಗಾದ್ರೆ ಮೊಟ್ಟೆ ಅಲ್ಲ, ಮರಿ ಹೊರಗೆ ಬರೋದನ್ನ ಕಾಯ್ತಿತ್ತು,” ಅಂದಳು ಪುಟ್ಟಿ. ವಿಜ್ಞಾನಿಗಳೂ ಹೇಳುವುದು ಅದನ್ನೇ. ಗುಂಡನ ತಲೆಯಲ್ಲಿ ಬೇರೆ ಪ್ರಶ್ನೆ. 16ರ ಮೊಟ್ಟೆಯಲ್ಲಿ 50ರ ಮರಿ ಹೇಗೆ ಹಿಡಿಸಿತು? ಟೇಪನ್ನು 50ಕ್ಕೆ ಹಿಡಿದು ಕರಬೂಜಕ್ಕೆ ಸುತ್ತಿದ. ಸರಿಯಾಗಿ ಒಂದು ಸುತ್ತು ಬಂತು. ಮುದುಡಿಕೊಂಡು ಮಲಗಿತ್ತು ಅಂತ ತಾನೇ ತೀರ್ಮಾನ ಮಾಡಿದ.

ಲೆಕ್ಕದ ಸಂಖ್ಯೆ ನೋಡಿದರೆ ಹಾಳೆಯೇ ಮುಂದೆ. ಅರ್ಧಕ್ಕೆ ಬಿಟ್ಟರೂ ಪುಟ್ಟಿ 25 ಗುಣಾಕಾರ ಮಾಡಿದ್ದಳು, ನನ್ನ ಕೇಸಿನಲ್ಲಿ ಎಲ್ಲ ಸೇರಿ ಎಂಟು ಲೆಕ್ಕ. ಮಗ್ಗಿ ಗಟ್ಟಿಯಾಗಬೇಕು ಅಂದರೆ ನಾನೂ ಹಾಳೆಯನ್ನೇ ಕೊಡುತ್ತೇನೆ. ಮುಖದ ಚಿತ್ರ ಕತ್ತರಿಸಿ, ಹೆಸರು ಮಾತ್ರ ಉಳಿಸಿ, ಅಷ್ಟೇ. ಆ್ಯಪ್ ಮತ್ತೆ ಹಾಕುವ ಮನಸ್ಸಿಲ್ಲ.

ಮರುದಿನ ಬೆಳಿಗ್ಗೆ ನೋಡಿದರೆ ಕರಬೂಜದಲ್ಲಿ ಅರ್ಧ ಇಲ್ಲ. ಫ್ರಿಜ್ ಬಾಗಿಲಿಗೆ ಗುಂಡನ ಪಟ್ಟಿ ಅಂಟಿಸಿತ್ತು: ಯಾರು, ಎಲ್ಲಿದ್ದರು, ಬಾಯಿ ಅಗಲ. ಅಪ್ಪ ಹುಬ್ಬಳ್ಳಿಗೆ ಹೋಗಿದ್ದರು, ಹೊಡೆದುಹಾಕಿದ್ದಾನೆ. ನನ್ನ ಬಾಯಿ 5 ಸೆಂಟಿಮೀಟರ್, ಅನುಮಾನ ಇದೆ. ಅಜ್ಜಿಯ ಹೆಸರಿನ ಮುಂದೆ, “ಹಲ್ಲು ಸೆಟ್ಟು ಬಿಚ್ಚಿಟ್ಟಿದ್ದರು, ಬಿಡುಗಡೆ.”