ಮಾತಿಲ್ಲದ ಚಿತ್ರಪುಸ್ತಕವೋ, ಪಂಚತಂತ್ರವೋ?

ನಾಲ್ಕು ವರ್ಷದ ಮಗಳಲ್ಲಿ ಕರುಣೆಯೂ ಬೆಳೆಯಬೇಕು, ಸ್ವಂತ ಯೋಚನೆಯೂ ಬೇಕು, ಯಾವ ಪುಸ್ತಕ ಕೊಡಿಸಲಿ ಅಂತ ಕೇಳಿದ್ದೀರಿ.

ಕರುಣೆಗಾದರೆ ನನ್ನ ಒಲವು ಮಾತಿಲ್ಲದ ಪುಸ್ತಕದ ಕಡೆಗೆ. ಅಕ್ಷರ ಇಲ್ಲದಿದ್ದಾಗ ಮಗು ಮುಖಗಳನ್ನೇ ಓದುತ್ತದೆ. ಚಿತ್ರದಲ್ಲಿ ನಾಯಿಮರಿ ಮಳೆಗೆ ನೆನೆದಿದೆ, ಕಿವಿ ಜೋತುಬಿದ್ದಿದೆ, ಬಾಲ ಕಾಲ ಸಂದಿಯಲ್ಲಿದೆ. ‘ಇದಕ್ಕೆ ಈಗ ಏನನ್ನಿಸ್ತಿದೆ ಪುಟ್ಟಿ?’ ಅಂತ ಕೇಳಿ ಸುಮ್ನೆ ಕಾಯಿರಿ. ನೀವೇ ಉತ್ತರ ಹೇಳಿಬಿಡಬೇಡಿ.

ಸ್ವಂತ ಯೋಚನೆಗೆ ಪಂಚತಂತ್ರದಲ್ಲಿ ಹೂರಣ ಜಾಸ್ತಿ. ಕೊನೆಯ ನೀತಿಯ ಸಾಲನ್ನು ಮಾತ್ರ ಬಿಟ್ಟು ಓದಿ. ಮಂಗ, ಮೊಸಳೆ ಕಥೆಯನ್ನೇ ನೋಡಿ. ಮೊಸಳೆಯ ಹೆಂಡತಿಗೆ ಮಂಗನ ಹೃದಯ ಬೇಕು, ಮಂಗನೋ ಗೆಳೆಯ. ಮೊಸಳೆ ಬೇರೇನು ಮಾಡಬಹುದಿತ್ತು? ಹೃದಯ ಮರದಲ್ಲೇ ಬಿಟ್ಟುಬಂದೆ ಅಂತ ಮಂಗ ಸುಳ್ಳು ಹೇಳಿದ್ದು ಸರಿಯಾ? ಇಂಥ ಪ್ರಶ್ನೆ ಹುಟ್ಟೋಕೆ ಗಟ್ಟಿ ಕಥೆ ಬೇಕು ಅಲ್ವಾ.

ಪಂಚತಂತ್ರ ಕಡಿಮೆ ಬೆಲೆಗೆ ಎಲ್ಲ ಕಡೆ ಸಿಗುತ್ತದೆ. ಮಾತಿಲ್ಲದವು ಅಂಗಡಿಯಲ್ಲಿ ಅಪರೂಪ. ಆದರೆ ಪ್ರಥಮ್ ಬುಕ್ಸ್ ಪ್ರಕಾಶನ 2015ರಲ್ಲಿ ಶುರುಮಾಡಿದ ಸ್ಟೋರಿವೀವರ್ ಜಾಲತಾಣದಲ್ಲಿ ಅಂಥವೂ ಇವೆ, ಕನ್ನಡ ಕಥೆಗಳೂ ಇವೆ, ಎಲ್ಲ ಉಚಿತ. ಪ್ರಿಂಟ್ ತೆಗೆದು ಕೊಡಿ, ಮೊಬೈಲ್ ಬೇಡ. ಹಾಳೆ ಹರಿಯುವ ವಯಸ್ಸಾದರೆ ದಪ್ಪ ರಟ್ಟಿನ ಪುಸ್ತಕವೇ ಸರಿ.

ದಣಿದು ಬಂದ ರಾತ್ರಿ ಓದಿ ಹೇಳೋಕೆ ಪಂಚತಂತ್ರ ಸುಲಭ. ಓದು ಬಾರದ ಅಜ್ಜಿ ಮನೆಯಲ್ಲಿದ್ದರೆ, ಅಥವಾ ಮಗು ಕನ್ನಡ ಅಕ್ಷರ ಕಲಿಯದೆ ಹೊರದೇಶದಲ್ಲಿ ಬೆಳೆಯುತ್ತಿದ್ದರೆ, ಮಾತಿಲ್ಲದ್ದನ್ನೇ ತನ್ನಿ. ಅದರ ಕಥೆಯನ್ನು ಇಬ್ಬರೂ ಕನ್ನಡದಲ್ಲೇ ಕಟ್ಟಬಹುದು.