ಅಡ್ಡಬಿಲ್ಲಿನ ಹೆದೆ: ಮೂರು ದಾರ, ಎರಡು ಮೇಣ, ಒಂದು ಟೆಕ್ಸಾಸ್ ಬೇಸಿಗೆ

ಆಗಸ್ಟ್ ತಿಂಗಳ ಮಧ್ಯಾಹ್ನ ಟೆಕ್ಸಾಸ್‌ನಲ್ಲಿ ಕಾರಿನ ಡಿಕ್ಕಿ ತೆಗೆದರೆ ಉರಿಯುವ ಒಲೆಯ ಮುಂದೆ ಬಗ್ಗಿದ ಹಾಗೆ ಮುಖಕ್ಕೆ ಝಳ ಹೊಡೆಯುತ್ತದೆ. ಅಂಥ ಡಿಕ್ಕಿಯಲ್ಲಿ ನನ್ನ ಅಡ್ಡಬಿಲ್ಲು, ಅಂದರೆ ಕ್ರಾಸ್‌ಬೋ, ಮೂರು ಗಂಟೆ ಬಿದ್ದಿತ್ತು. ಸಂಜೆ ಗುರಿ ಹೊಡೆಯುವ ರೇಂಜಿಗೆ ಹೋಗಿ 30 ಗಜದಿಂದ ಹೊಡೆದೆ. ಹಿಂದಿನ ವಾರ ಒಂದೇ ಕಡೆ ಕೂಡುತ್ತಿದ್ದ ಬಾಣಗಳು ನಾಲ್ಕು ಬೆರಳು ಆಚೆ ಹೋಗಿ ಕೂತವು. ಸ್ಕೋಪ್ ಸಡಿಲಾಗಿದೆ ಅಂದುಕೊಂಡು ಸ್ಕ್ರೂ ಬಿಗಿ ಮಾಡಿದೆ. ರೆಕ್ಕೆ ಹರಿದಿರಬೇಕು ಅಂತ ಬಾಣ ಬದಲಿಸಿದೆ. ಕೊನೆಗೆ ಸುಮ್ಮನೆ ಟೇಪ್ ಹಿಡಿದು ಬ್ರೇಸ್ ಹೈಟ್ ಅಳೆದೆ. 6 ಮಿಲಿಮೀಟರ್ ಕಡಿಮೆ! ಎಳೆಯದೆ ಸುಮ್ಮನಿರುವ ಹೆದೆಗೂ ಬಿಲ್ಲಿನ ನಡುಭಾಗಕ್ಕೂ ಇರುವ ಅಂತರವೇ ಬ್ರೇಸ್ ಹೈಟ್. ಅದು ಇಳಿದಿದೆ ಅಂದರೆ ಹೆದೆ ಉದ್ದವಾಗಿದೆ ಅಂತಲೇ ಅರ್ಥ. ಹೆದೆ ಒಂದು ಮಿಲಿಮೀಟರ್ ಉದ್ದವಾದರೂ ಈ ಅಂತರ ಅದರ ಹಲವು ಪಟ್ಟು ಇಳಿಯುತ್ತದೆ. ಹಾಗಾಗಿ ಕಣ್ಣಿಗೆ ಕಾಣದ್ದು ಟೇಪಿಗೆ ಸಿಗುತ್ತದೆ.

ನನ್ನದು 175 ಪೌಂಡ್ ಎಳೆತದ ರಿಕರ್ವ್, ಅಂದರೆ ತುದಿಗಳು ಮುಂದಕ್ಕೆ ಬಾಗಿದ ಬಿಲ್ಲು. ಚಕ್ರವಿಲ್ಲ, ಕೇಬಲ್ ಇಲ್ಲ. ಹೆದೆ ಬದಲಿಸಲು ಬಿಲ್ಲು ಬಗ್ಗಿಸುವ ಒಂದು ಸ್ಟ್ರಿಂಗರ್ ಹಗ್ಗ ಸಾಕು. ಚಕ್ರ, ಕೇಬಲ್ ಇರುವ ಕಾಂಪೌಂಡ್ ಇಟ್ಟುಕೊಂಡವರು ಬಿಲ್ಲನ್ನು ಒತ್ತಿ ಹಿಡಿಯುವ ಪ್ರೆಸ್ ಇಲ್ಲದೆ ಮನೆಯಲ್ಲಿ ಹೆದೆ ಬಿಚ್ಚುವ ಸಾಹಸಕ್ಕೆ ಹೋಗಬೇಡಿ. ಅಂಥವರಿಗೆ ಇಲ್ಲಿ ಉಪಯೋಗ ಬೀಳುವುದು ಮೇಣದ ಮಾತು ಮಾತ್ರ. ಇನ್ನು, ಬೇಟೆ ನನ್ನ ಹಾದಿಯಲ್ಲ. ನಾನು ಹೊಡೆಯುವ ಜಿಂಕೆಯ ಹೊಟ್ಟೆಯಲ್ಲಿ ಫೋಮ್ ಇರುತ್ತದೆ.

ಹೆದೆ ಉದ್ದವಾಗುತ್ತದೆ ಅಂತ ಎಲ್ಲರೂ ಒಂದೇ ಮಾತಿನಲ್ಲಿ ಹೇಳಿಬಿಡುತ್ತಾರೆ. ಆದರೆ ಅದರಲ್ಲಿ ಮೂರು ಬಗೆ ಇದೆ. ಮೊದಲನೆಯದು ನಮ್ಮ ಕಡೆಯ ಹೊರಸು ಇದ್ದ ಹಾಗೆ. ಹೊಸದಾಗಿ ಹೆಣೆದ ಹೊರಸಿನ ಮೇಲೆ ನಾಲ್ಕು ದಿನ ಮಲಗಿದರೆ ಹಗ್ಗ ಜೋತು ಬೀಳುತ್ತದೆ. ಕಾಲ ಕಡೆ ಒಮ್ಮೆ ಜಗ್ಗಿ ಕಟ್ಟಿದರೆ ಆಮೇಲೆ ತಿಂಗಳುಗಟ್ಟಲೆ ಚಿಂತೆಯಿಲ್ಲ. ಹೊಸ ಹೆದೆಯಲ್ಲೂ ಎಳೆಗಳು, ತುದಿಯ ಕುಣಿಕೆಗಳು, ಸುತ್ತುದಾರ ಎಲ್ಲ ತಮ್ಮ ಜಾಗ ಹಿಡಿಯಬೇಕು. ಎರಡನೆಯದು ರಬ್ಬರಿನ ಹಾಗೆ ಹಿಗ್ಗಿ ಮತ್ತೆ ಮೊದಲಿನಂತಾಗುವುದು. ಮೂರನೆಯದು ಕೆಟ್ಟದ್ದು. ದಾರ ಭಾರ ಹೊತ್ತು ಕೂತಲ್ಲೇ ನಿಧಾನವಾಗಿ ನೀಳವಾಗುತ್ತಾ ಹೋಗುತ್ತದೆ, ಮತ್ತೆ ಹಿಂದಕ್ಕೆ ಬರುವುದಿಲ್ಲ. ಇದಕ್ಕೆ ಕ್ರೀಪ್ ಅನ್ನುತ್ತಾರೆ. ಈ ಮೂರನ್ನು ಬೇರೆ ಮಾಡಿ ನೋಡದೆ ದಾರ ಹೋಲಿಸಲು ಹೊರಟದ್ದೇ ನನ್ನ ಮೊದಲ ತಪ್ಪು.

ಆ ವರ್ಷ ಏಪ್ರಿಲ್‌ನಲ್ಲಿ ಮೊದಲು ಕಟ್ಟಿದ್ದು ಡಾಕ್ರಾನ್, ಬಿ-55 ಎಂಬ ದಾರ. ಇದು ಪಾಲಿಯೆಸ್ಟರ್. ಅಗ್ಗ, ಕೈಗೆ ಒರಟು, ಹೆದೆ ಮಾಡಲು ಕಲಿಯುವವರಿಗೆ ಹೇಳಿ ಮಾಡಿಸಿದ ದಾರ. ಮೊದಲ 40 ಬಾಣಕ್ಕೆ ಬ್ರೇಸ್ ಹೈಟ್ 11 ಮಿಲಿಮೀಟರ್ ಇಳಿಯಿತು. ಹೆದೆ ಬಿಚ್ಚಿ ಹುರಿ ಹೆಚ್ಚಿಸಿದೆ. ಹುರಿ ಏರಿಸಿದರೆ ಹೆದೆ ಗಿಡ್ಡವಾಗಿ ಅಂತರ ಮೇಲೇರುತ್ತದೆ. ಮುಂದಿನ 40 ಬಾಣಕ್ಕೆ ಮತ್ತೆ 5 ಇಳಿಯಿತು. ಹೀಗೆ ಹುರಿ ಹಾಕುವುದು, ಅಳೆಯುವುದು, ಮತ್ತೆ ಹುರಿ ಹಾಕುವುದು. ಒಂದು ಹಂತದ ಮೇಲೆ ಹುರಿ ಜಾಸ್ತಿಯಾದ ಹೆದೆ ಸ್ಪ್ರಿಂಗಿನಂತಾಗಿ ಇನ್ನಷ್ಟು ಹಿಗ್ಗತೊಡಗುತ್ತದೆ. ಆಗ ಅದನ್ನು ಬಿಸಾಡಿ ಗಿಡ್ಡದೊಂದು ಮಾಡಿಕೊಳ್ಳುವುದೇ ಸೈ. ಆದರೂ ಡಾಕ್ರಾನ್ ಬಗ್ಗೆ ನನಗೆ ಮನಸ್ಸು ಮೆತ್ತಗೇ ಇದೆ. ಬಾಣ ಬಿಟ್ಟಾಗ ಭುಜಕ್ಕೆ ಬರುವ ಅದುರು ಕಡಿಮೆ, ಸದ್ದು ಕಡಿಮೆ, ಬಿಲ್ಲಿನ ತುದಿಗಳಿಗೂ ಪೆಟ್ಟು ಕಡಿಮೆ. ಹಳೆಯ ಅಥವಾ ಅಗ್ಗದ ಬಿಲ್ಲುಗಳ ತುದಿ ಹಿಗ್ಗದ ದಾರದ ಪೆಟ್ಟು ತಾಳುವಂತೆ ಮಾಡಿರುವುದಿಲ್ಲ. ಅಂಥವಕ್ಕೆ ಡಾಕ್ರಾನ್ ಒಂದೇ ದಾರಿ. ತಯಾರಕರ ಪುಸ್ತಕ ನೋಡದೆ ಬೇರೆ ದಾರ ಕಟ್ಟಿದರೆ ಹೋಗುವುದು ಹೆದೆಯಲ್ಲ, ಬಿಲ್ಲು.

ಮೇ ತಿಂಗಳಿಂದ 8125 ಎಂಬ ದಾರ. ಇದು ಡೈನೀಮಾ, ಅಂದರೆ ವಿಶೇಷ ಬಗೆಯ ಪಾಲಿಥೀನ್ ಎಳೆ. ತೆಳ್ಳಗೆ, ಜಾರುಜಾರಾಗಿ, ತೂಕಕ್ಕೆ ಹೋಲಿಸಿದರೆ ಉಕ್ಕಿಗಿಂತ ಗಟ್ಟಿ. ನೀರು ಹೀರುವುದಿಲ್ಲ. ಬಾಣದ ವೇಗ ಏರಿದ್ದು ಸದ್ದಿನಲ್ಲೇ ಗೊತ್ತಾಯಿತು. ಮೊದಲ 20 ಬಾಣಕ್ಕೆ 4 ಮಿಲಿಮೀಟರ್ ಇಳಿದು ನಿಂತುಬಿಟ್ಟಿತು. ಜೂನ್ ಪೂರ್ತಿ ಅಳೆದೆ, ಅಲುಗಲಿಲ್ಲ. ಹುಡುಕಾಟ ಮುಗಿಯಿತು ಅಂತ ಮಿತ್ರರಿಗೆಲ್ಲ ಸಾರಿಯೂ ಬಿಟ್ಟೆ. ಆಮೇಲೆ ಬಂತು ಆ ಡಿಕ್ಕಿಯ ಮಧ್ಯಾಹ್ನ. ಡೈನೀಮಾ ಕರಗುವುದು ಸುಮಾರು 150 ಡಿಗ್ರಿ ಸೆಲ್ಸಿಯಸ್‌ಗೆ ನಿಜ, ಆದರೆ ಅದರ ಕ್ರೀಪ್‌ಗೆ ಅಷ್ಟು ಶಾಖ ಬೇಕಾಗಿಲ್ಲ. ಬಿಸಿಲಲ್ಲಿ ನಿಂತ ಕಾರಿನೊಳಗಿನ ಶಾಖವೇ ಅದನ್ನು ಚುರುಕುಗೊಳಿಸುತ್ತದೆ. ಬಿಲ್ಲಿಗೇರಿಸಿದ ಹೆದೆ ಎಳೆಯದಿದ್ದರೂ ಸದಾ ಬಿಗಿಯಲ್ಲೇ ಇರುತ್ತದಲ್ಲ. ಹುರಿ ಹಾಕಿ ಸರಿಪಡಿಸಿದೆ, ಎರಡು ವಾರದಲ್ಲಿ ಮತ್ತೆ 2 ಇಳಿಯಿತು. ಚಳಿಯ ಊರಿನವರಿಗೆ ಇದೇ ದಾರ ಚಿನ್ನದಂಥದ್ದು ಇರಬಹುದು. ನನ್ನ ಊರಿಗೆ ಅಲ್ಲ.

ಸೆಪ್ಟೆಂಬರ್‌ನಲ್ಲಿ ಮೂರನೆಯ ದಾರ, 452ಎಕ್ಸ್. ಮೂರರಲ್ಲಿ ಎರಡು ಪಾಲು ಡೈನೀಮಾ, ಒಂದು ಪಾಲು ವೆಕ್ಟ್ರಾನ್ ಎಂಬ ಇನ್ನೊಂದು ಕೃತಕ ಎಳೆ. ವೆಕ್ಟ್ರಾನ್‌ಗೆ ಕ್ರೀಪ್ ಇಲ್ಲವೆನ್ನುವಷ್ಟು ಕಡಿಮೆ. ಅದೇ ಡೈನೀಮಾವನ್ನು ಕಟ್ಟಿ ಹಿಡಿಯುತ್ತದೆ. ಅಂಗಡಿಯಿಂದ ತಂದ ಸಿದ್ಧ ಹೆದೆ 100 ಬಾಣಕ್ಕೆ 1 ಮಿಲಿಮೀಟರ್ ಇಳಿಯಿತು, ಅಷ್ಟೇ. ನಾನು ಕುಣಿದಾಡಿದೆ. ಆದರೆ ರಾತ್ರಿ ಮಲಗಿದಾಗ ಒಂದು ಅನುಮಾನ ಕೊರೆಯಿತು. ಮೊದಲೆರಡು ಹೆದೆ ಗ್ಯಾರೇಜಿನಲ್ಲಿ ನಾನೇ ಮಾಡಿದ್ದು. ಇದನ್ನು ಮಾಡಿದವರು ಯಂತ್ರಕ್ಕೆ ಕಟ್ಟಿ ನೂರಾರು ಪೌಂಡ್ ಬಿಗಿಯಲ್ಲಿ ಮೊದಲೇ ಜಗ್ಗಿಸಿ ಕೊಟ್ಟಿದ್ದರು. ಹೊರಸನ್ನು ಅಂಗಡಿಯವರೇ ಬಿಗಿದು ಕೊಟ್ಟ ಹಾಗಾಯಿತು! ಗೆದ್ದದ್ದು ದಾರವೋ ಯಂತ್ರವೋ?

ಹಾಗಾಗಿ ಅದೇ ದಾರದ ರೀಲು ತಂದು ನಾನೇ ಇನ್ನೊಂದು ಮಾಡಿದೆ. 25 ಬಾಣಕ್ಕೆ 3 ಇಳಿಯಿತು. ಅಂದರೆ ಸಿದ್ಧ ಹೆದೆಯ ಸಾಧನೆಯಲ್ಲಿ ಯಂತ್ರದ ಪಾಲೂ ಇತ್ತು. ಐದಾರು ಸುತ್ತು ಹುರಿ ಹಾಕಿದ ಮೇಲೆ ಅದು ಅಲ್ಲೇ ನಿಂತಿತು. ಮರುವರ್ಷ ಜೂನ್‌ನಲ್ಲಿ ಬೇಕೆಂದೇ ಅದನ್ನು ಡಿಕ್ಕಿಯಲ್ಲಿ ಮೂರು ಗಂಟೆ ಬೇಯಿಸಿದೆ. 1 ಮಿಲಿಮೀಟರ್. ಅದು ನನ್ನ ಟೇಪಿನ ತಪ್ಪೂ ಇರಬಹುದು.

ಇದಕ್ಕೂ ಕೊರತೆ ಇದೆ. ವೆಕ್ಟ್ರಾನ್‌ಗೆ ಬಿಸಿಲೂ ಆಗದು, ಉಜ್ಜಾಟವೂ ಆಗದು. ಮೇಣ ಮರೆತರೆ ಎಳೆಗಳ ಮೇಲೆ ಬೇಗ ಕೂದಲಿನಂಥ ನಾರು ಏಳುತ್ತದೆ. ಡೈನೀಮಾ ಹೆದೆಯನ್ನು ನಾನು ಉಪೇಕ್ಷೆ ಮಾಡಿದರೂ ಅದು ಸಹಿಸಿಕೊಂಡಿತ್ತು. ಇದು ಸಹಿಸುವುದಿಲ್ಲ.

ಮೇಣದ ವಿಷಯಕ್ಕೆ ಬಂದರೆ, ನನ್ನ ಹತ್ತಿರ ಎರಡಿದ್ದವು. ಒಂದು ಊರಿಗೆ ಹೋದಾಗ ಶಿರಸಿಯಿಂದ ತಂದ ಜೇನುಮೇಣ, ಇನ್ನೊಂದು ಅಂಗಡಿಯ ಸಿಲಿಕೋನ್ ಬೆರೆತ ಮೇಣ. ಗೆಲ್ಲಲಿ ಅಂತ ಆಸೆಪಟ್ಟದ್ದು ಜೇನುಮೇಣ. ಡಾಕ್ರಾನಿಗೆ ಅದು ಚೆನ್ನಾಗಿಯೇ ಹಿಡಿಯಿತು. ತೆಳ್ಳನೆಯ ಜಾರು ಎಳೆಗಳ ಒಳಗೆ ಮಾತ್ರ ಇಳಿಯಲೇ ಇಲ್ಲ. ಮೇಲೆ ಅಂಟಾಗಿ ಕೂತು ರೇಂಜಿನ ಧೂಳನ್ನೆಲ್ಲ ಬಳಿದುಕೊಂಡಿತು, ಜನವರಿಯ ಚಳಿಗೆ ಪುಡಿಪುಡಿಯಾಗಿ ಉದುರಿತು. ಸಿಲಿಕೋನ್ ಮೇಣವನ್ನು ಹಚ್ಚಿ ಎರಡು ಬೆರಳ ನಡುವೆ ಹೆದೆ ಬೆಚ್ಚಗಾಗುವ ತನಕ ತಿಕ್ಕಿದರೆ ಸಾಕು, ಒಳಗೆ ಇಳಿಯುತ್ತದೆ. ಹೆಚ್ಚಾದದ್ದನ್ನು ತೆಗೆಯಲು ಒಂದು ತುಂಡು ದಾರವನ್ನು ಹೆದೆಗೆ ಒಂದು ಸುತ್ತು ಹಾಕಿ ಬಿಗಿಯಾಗಿ ಎಳೆಯುತ್ತೇನೆ. ಹಳೆಯ ಕೊಳೆಯೂ ಜೊತೆಗೆ ಬರುತ್ತದೆ. ಮೇಣ ಕರಗಿಸಲು ಲೈಟರ್ ಹಿಡಿಯುವವರನ್ನು ಕಂಡಿದ್ದೇನೆ. ಬೆರಳಿನ ಬಿಸಿಗಿಂತ ಹೆಚ್ಚು ಬಿಸಿ ಬೇಡ.

ಮೇಣ ಬಿಡಿ ಎಳೆಗಳಿಗೆ ಮಾತ್ರ. ನಡುವೆ ದಾರ ಸುತ್ತಿದ ಜಾಗ, ಅಂದರೆ ಸರ್ವಿಂಗ್, ಅದಕ್ಕೆ ಮೇಣ ಹಚ್ಚಿದರೆ ಟ್ರಿಗರ್ ಪೆಟ್ಟಿಗೆಯೊಳಗೆಲ್ಲ ಅಂಟು ಸೇರುತ್ತದೆ. ಬಾಣ ಕೂರುವ ಹಳಿಯ ಮೇಲೆ ಉಜ್ಜುವ ಆ ಭಾಗಕ್ಕೆ ರೈಲ್ ಲ್ಯೂಬ್ ಎಂಬ ಎಣ್ಣೆ, ಅದೂ ಒಂದೆರಡು ಹನಿ. ನಾನು 10–15 ಬಾಣಕ್ಕೊಮ್ಮೆ ಹಾಕುತ್ತೇನೆ. ನನ್ನಾಕೆಗೆ ಇದು ದಿನನಿತ್ಯದ ತಮಾಷೆ. "ಆ ಹೆದಿಗೆ ಇಷ್ಟ ಎಣ್ಣಿ ಹಚ್ಚತೀರಿ, ತಲಿಗೆ ಯಾವಾಗ ಹಚ್ಕೊಂತೀರಿ?"

ಸರ್ವಿಂಗ್ ಸುತ್ತುವಾಗ ದಪ್ಪದ ಕಡೆ ಗಮನವಿರಲಿ. ಒಮ್ಮೆ ದಪ್ಪ ದಾರ ಸುತ್ತಿ ಬಾಣದ ಹಿಂಬದಿ ಸರಿಯಾಗಿ ಕೂರದೆ ಹೋಯಿತು. ಹೆದೆ ಬಾಣದ ಮೇಲೆ ಹತ್ತಿ ಹಾರಿದರೆ ಅದು ಬಾಣವಿಲ್ಲದೆ ಬಿಟ್ಟಷ್ಟೇ ಅಪಾಯ, ಬಿಲ್ಲೇ ಸೀಳಬಹುದು. ನನ್ನ ಪುಣ್ಯ, ಎಳೆದು ನೋಡುವ ಮೊದಲೇ ಕಣ್ಣಿಗೆ ಬಿತ್ತು. ಒಂದೇ ಒಂದು ಎಳೆ ಕಡಿದಿದ್ದರೂ ಹೆದೆ ಕಸದ ಬುಟ್ಟಿಗೆ. ಅಲ್ಲಿ ಜಿಪುಣತನ ಬೇಡ.

ಈಗ ನನ್ನ ಬಿಲ್ಲಿನ ಮೇಲಿರುವುದು ಮನೆಯಲ್ಲಿ ಮಾಡಿದ 452ಎಕ್ಸ್. ಹಳಿಯ ಎರಡೂ ಪಕ್ಕಕ್ಕೆ ಸರಿಯಾಗಿ ಹೆದೆಯ ಮೇಲೆ ಬಿಳಿ ಮಾರ್ಕರ್‌ನಿಂದ ಗೆರೆ ಹಾಕಿದ್ದೇನೆ, ಎಳೆದಾಗ ಒಂದು ಪಕ್ಕ ಸರಿದರೆ ತಕ್ಷಣ ಕಾಣುತ್ತದೆ. ಬ್ರೇಸ್ ಹೈಟ್ ಅಂಕಿ ಸ್ಕೋಪಿನ ಮುಚ್ಚಳದ ಒಳಗೆ ಬರೆದಿದೆ. ಡಾಕ್ರಾನ್ ಹೆದೆ ಮಗಳ ಹಗುರ ಬಿಲ್ಲಿಗೆ ಹೋಯಿತು. ಉಳಿದ ಜೇನುಮೇಣ ಊರಿಂದ ತಂದ ಮರದ ಪೆಟ್ಟಿಗೆಯ ಬಿಗಿಯಾದ ಖಾನೆಗಳಿಗೆ ಬಳಕೆಯಾಗುತ್ತಿದೆ. ಅಲ್ಲಿ ಅದಕ್ಕೆ ಸಾಟಿಯೇ ಇಲ್ಲ.