ಹಾಕುವ ಮೊದಲು ಟೆಸ್ಟ್ ಓಡಬೇಕಾ? ಪಿಪ್, ಪರ್ಲ್, ಜೆಂಟೂ, ಗೀಕ್ಸ್

ಕಲಬುರಗಿಯ ತೊಗರಿ ವ್ಯಾಪಾರಿಗಳ ಲೆಕ್ಕದ ಫೈಲುಗಳನ್ನು ಹೊಂದಿಸಿ ಕೊಡುವುದು ನನ್ನ ಕೆಲಸ. ಹೆಸರು ಕನ್ನಡದಲ್ಲಿ, ರೊಕ್ಕ ಅಂಕಿಯಲ್ಲಿ. ಸ್ವಲ್ಪ ಪರ್ಲ್, ಸ್ವಲ್ಪ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಗಳನ್ನು ಬಳಸುತ್ತೇನೆ. ಪೈಥಾನ್ ಪ್ಯಾಕೇಜುಗಳನ್ನು ಹಾಕುವ ಸಾಧನ ಪಿಪ್. ಹಳೆಯ ಲ್ಯಾಪ್‌ಟಾಪಿನಲ್ಲಿ ಜೆಂಟೂ ಎಂಬ ಲಿನಕ್ಸ್ ಇದೆ, ಇನ್ನೊಂದರಲ್ಲಿ ಗೀಕ್ಸ್ ಎಂಬ ಮತ್ತೊಂದು ಲಿನಕ್ಸ್. ಒಂದು ಪ್ಯಾಕೇಜ್ (ಸಾಫ್ಟ್‌ವೇರ್ ಕಟ್ಟು) ಹಾಕುವಾಗ ಅದರ ಟೆಸ್ಟ್‌ಗಳು, ಅಂದರೆ ಅದು ಸರಿಯಾಗಿ ಕೆಲಸ ಮಾಡುತ್ತದೆಯಾ ಎಂದು ನೋಡುವ ಪುಟ್ಟ ಪ್ರೋಗ್ರಾಮ್‌ಗಳು, ನಮ್ಮ ಯಂತ್ರದಲ್ಲೇ ಓಡಬೇಕಾ ಎಂಬ ಪ್ರಶ್ನೆಗೆ ಈ ನಾಲ್ಕೂ ಬೇರೆ ಬೇರೆ ಉತ್ತರ ಕೊಡುತ್ತವೆ.

ಪಿಪ್ ಬಗ್ಗೆ ಹೇಳಲು ಜಾಸ್ತಿ ಇಲ್ಲ. ಅದು ಟೆಸ್ಟ್ ಓಡಿಸುವುದೇ ಇಲ್ಲ. ವೀಲ್ ಎಂಬ ಸಿದ್ಧ ಪ್ಯಾಕೇಜ್ ಫೈಲನ್ನು ಬಿಚ್ಚಿ ಜಾಗಕ್ಕೆ ಇಡುತ್ತದೆ, ಮುಗಿಯಿತು. ‘ಪಿಪ್ ಚೆಕ್’ ಎಂಬ ಆಜ್ಞೆ ಇದೆ. ಆದರೆ ಅದು ನೋಡುವುದು ಪ್ಯಾಕೇಜುಗಳ ಆವೃತ್ತಿಗಳು ಒಂದಕ್ಕೊಂದು ಹೊಂದುತ್ತವೆಯಾ ಅಂತ ಮಾತ್ರ. ಕೋಡ್ ಸರಿಯಾಗಿ ಕೆಲಸ ಮಾಡುತ್ತದೆಯಾ ಎಂಬುದು ನಿಮ್ಮ ತಲೆನೋವು.

ಪರ್ಲ್‌ನವರು ಪೂರ್ತಿ ಉಲ್ಟಾ. ಪರ್ಲ್ ಪ್ಯಾಕೇಜುಗಳ (ಮಾಡ್ಯೂಲ್‌ಗಳ) ಭಂಡಾರವಾದ ಸಿಪ್ಯಾನ್‌ನಿಂದ ಏನೇ ತಂದರೂ ಮೊದಲು ‘ಮೇಕ್ ಟೆಸ್ಟ್’, ಅದು ಪಾಸಾದರೆ ಮಾತ್ರ ‘ಮೇಕ್ ಇನ್‌ಸ್ಟಾಲ್’. ಒಂದು ‘ನಾಟ್ ಓಕೆ’ ಬಂದರೂ ಕೈ ಎತ್ತಿಬಿಡುತ್ತದೆ. ಪರ್ಲ್‌ನ ಮೊದಲ ಆವೃತ್ತಿ 1987ರಲ್ಲಿ ಬಂದಾಗಲೇ ಅದರ ಜೊತೆ ಟೆಸ್ಟ್‌ಗಳು ಇದ್ದವು. ಆ ಚಾಳಿ ಇವತ್ತಿಗೂ ಬಿಟ್ಟಿಲ್ಲ.

ನನಗೆ ಇದರ ಬೆಲೆ ಗೊತ್ತಾಗಿದ್ದು ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸುವ ಕೆಲಸದಲ್ಲಿ. ಅದಕ್ಕೆ ಯೂನಿಕೋಡ್ ಕೊಲೇಟ್ ಎಂಬ ಮಾಡ್ಯೂಲ್ ಇದೆ. ಅದರ ಟೆಸ್ಟ್‌ಗಳಲ್ಲಿ ಕನ್ನಡಕ್ಕೇ ಒಂದು ಫೈಲ್ ಇದೆ. ‘ಔ’ ಆದ ಮೇಲೆ ಅನುಸ್ವಾರ, ಆಮೇಲೆ ವಿಸರ್ಗ ಬರುತ್ತದೆಯಾ ಎಂದು ಅದು ನೋಡುತ್ತದೆ. ನನ್ನ ಯಂತ್ರದಲ್ಲಿ, ನನ್ನ ಪರ್ಲ್ ಆವೃತ್ತಿಯಲ್ಲಿ, ನನ್ನ ಭಾಷೆಯ ಕ್ರಮ ಸರಿ ಇದೆ ಎಂದು ಹಾಕುವ ಮೊದಲೇ ಗೊತ್ತಾಗುತ್ತದೆ. ಇದನ್ನು ಬೇಡ ಅನ್ನಲು ಕಾರಣವೇ ಇಲ್ಲ.

ಕಿರಿಕಿರಿಯೂ ಇದೆ. ಡೇಟಾಬೇಸ್ ಜೊತೆ ಮಾತಾಡುವ ಡಿಬಿಡಿ ಮೈಎಸ್‌ಕ್ಯೂಎಲ್ ಎಂಬ ಮಾಡ್ಯೂಲಿನ ಟೆಸ್ಟ್ ಪೂರ್ತಿ ಓಡಬೇಕಾದರೆ ಒಂದು ಡೇಟಾಬೇಸ್ ಸರ್ವರ್ ನಡೆಯುತ್ತಿರಬೇಕು. ಕೆಲವು ಟೆಸ್ಟ್‌ಗಳಿಗೆ ಇಂಟರ್ನೆಟ್ ಬೇಕು. ಇನ್ನು ಕೆಲವು ಕ್ಯಾಲೆಂಡರ್ ತಿರುಗಿದ ಕೂಡಲೇ ಕೆಡುತ್ತವೆ. ಟೈಮ್ ಲೋಕಲ್ ಎಂಬ ಮಾಡ್ಯೂಲ್ ಎರಡಂಕಿಯ ವರ್ಷವನ್ನು ಇವತ್ತಿನಿಂದ 50 ವರ್ಷದ ಅಳತೆಯಲ್ಲಿ ಅರ್ಥ ಮಾಡಿಕೊಳ್ಳುತ್ತದೆ. 2019ರವರೆಗೆ ‘70’ ಅಂದರೆ 1970. 2020ರ ಜನವರಿ ಬಂದದ್ದೇ ಅದು 2070 ಆಯಿತು! ಅದರ ಹಳೆಯ ಟೆಸ್ಟ್‌ಗಳೇ ಫೇಲಾದವು. ಕೋಡ್‌ನಲ್ಲಿ ಒಂದಕ್ಷರ ಬದಲಾಗಿರಲಿಲ್ಲ. ಇಂಥ ಹೊತ್ತಿಗೆ ಸಿಪ್ಯಾನ್‌ನಿಂದ ತಂದು ಹಾಕುವ ಸಾಧನವಾದ ಸಿಪ್ಯಾನ್‌ಮೈನಸ್‌ನಲ್ಲಿ ಟೆಸ್ಟ್ ಬಿಟ್ಟು ಹಾಕುವ ‘ನೋಟೆಸ್ಟ್’ ಎಂಬ ಆಯ್ಕೆ ಇದೆ. ಕಡ್ಡಾಯ ಅಂದರೂ ಹಿಂಬಾಗಿಲು ತೆರೆದೇ ಇರುತ್ತದೆ. ಆದರೆ ಆ ಬಾಗಿಲು ತಟ್ಟುವ ಮೊದಲು ಬಿಲ್ಡ್ ಲಾಗ್ (ಪ್ಯಾಕೇಜ್ ಕಟ್ಟುವಾಗಿನ ದಾಖಲೆ) ತೆಗೆದು ಯಾವ ಟೆಸ್ಟ್ ಬಿದ್ದಿದೆ ಅಂತ ಓದಬೇಕು. ಹೆಚ್ಚಿನವರು ಓದುವುದಿಲ್ಲ ಬಿಡಿ, ಟೆಸ್ಟ್ ಬಿದ್ದರೂ ಹಾಕು ಎನ್ನುವ ‘ಫೋರ್ಸ್’ ಒತ್ತಿ ಮುಂದೆ ಹೋಗುತ್ತಾರೆ.

ಜೆಂಟೂದಲ್ಲಿ ಎಲ್ಲವನ್ನೂ ಸೋರ್ಸ್‌ನಿಂದ (ಮೂಲ ಕೋಡ್‌ನಿಂದ) ಕಟ್ಟಬಹುದು, ಆದರೆ ಟೆಸ್ಟ್ ಮಾಮೂಲಿಯಾಗಿ ಬಂದ್. ಬೇಕೆಂದರೆ ‘ಫೀಚರ್ಸ್’ ಎಂಬ ಸೆಟ್ಟಿಂಗ್‌ನಲ್ಲಿ ‘ಟೆಸ್ಟ್’ ಎಂದು ಸೇರಿಸಬೇಕು. ಇಡೀ ಸಿಸ್ಟಮ್‌ಗೆ ಅದನ್ನು ಹಾಕಿ ನೋಡಿದೆ, ಅದೂ ಮೇ ತಿಂಗಳಲ್ಲಿ. ನಮ್ಮ ಕಡೆ ಬಿಸಿಲು 42 ಡಿಗ್ರಿ ದಾಟುವ ಕಾಲ. ಫ್ಯಾನ್ ಕಿರುಚುತ್ತದೆ, ಕರೆಂಟ್ ಹೋಗುತ್ತದೆ, ಬ್ಯಾಟರಿ ಇಳಿಯುತ್ತದೆ, ಜಿಸಿಸಿ ಎಂಬ ಕಂಪೈಲರ್‌ನ ಟೆಸ್ಟ್ ಮಾತ್ರ ಮುಗಿಯುವುದಿಲ್ಲ. ಜೊತೆಗೆ ಟೆಸ್ಟ್‌ಗೆಂದೇ ಬೇಕಾದ ಹೆಚ್ಚುವರಿ ಪ್ಯಾಕೇಜುಗಳು ಬಂದು, ಒಂದಕ್ಕೆ ಇನ್ನೊಂದು ಬೇಕು, ಆ ಇನ್ನೊಂದಕ್ಕೆ ಮೊದಲನೆಯದೇ ಬೇಕು ಎಂಬ ಸುತ್ತು ಶುರುವಾಗುತ್ತದೆ. ಇಡೀ ಸಿಸ್ಟಮ್‌ಗೆ ಇದು ಬೇಡವೇ ಬೇಡ. ಪ್ಯಾಕೇಜಿಗೆ ತಕ್ಕಂತೆ ಸೆಟ್ಟಿಂಗ್ ಹಾಕುವ ‘ಪ್ಯಾಕೇಜ್ ಎನ್ವ್’ ಮೂಲಕ ಬೇಕಾದ ಒಂದೆರಡಕ್ಕೆ ಮಾತ್ರ ಹಚ್ಚಿದರೆ ಚೆನ್ನಾಗಿದೆ.

ಗೀಕ್ಸ್‌ನ ದಾರಿ ನನಗೆ ಹೆಚ್ಚು ಹಿಡಿಸಿತು. ಅಲ್ಲಿ ಟೆಸ್ಟ್ ಬಿಲ್ಡ್‌ನದೇ ಒಂದು ಹಂತ. ಫೇಲಾದರೆ ಪ್ಯಾಕೇಜ್ ಹುಟ್ಟುವುದೇ ಇಲ್ಲ, ಹಳೆಯದು ಹಾಗೇ ಇರುತ್ತದೆ. ಆದರೆ ಸಾಮಾನ್ಯವಾಗಿ ನಮಗೆ ಬರುವುದು ಅವರ ಬಿಲ್ಡ್ ಸರ್ವರ್‌ನಲ್ಲಿ ಕಟ್ಟಿದ ಬೈನರಿ, ಅಂದರೆ ಓಡಲು ಸಿದ್ಧವಾದ ಪ್ಯಾಕೇಜ್. ಟೆಸ್ಟ್ ಅಲ್ಲೇ ಓಡಿರುತ್ತದೆ. ಕಲಬುರಗಿಯ ಬಿಸಿಲಲ್ಲಿ ನನ್ನ ಲ್ಯಾಪ್‌ಟಾಪ್ ಅದನ್ನೇ ಮತ್ತೆ ಯಾಕೆ ಮಾಡಬೇಕು, ಅಲ್ವಾ? ಬಿಲ್ಡ್ ನಡೆಯುವ ಕೋಣೆಗೆ ನೆಟ್ ಇರುವುದಿಲ್ಲ. ಹಾಗಾಗಿ ನೆಟ್ ಬೇಡುವ ಟೆಸ್ಟ್‌ಗಳನ್ನು ಪ್ಯಾಕೇಜ್ ಮಾಡಿದವರೇ ಮೊದಲೇ ತೆಗೆದಿರುತ್ತಾರೆ. ಬೈನರಿ ಸಿಗದೆ ನಾವೇ ಕಟ್ಟಬೇಕಾದಾಗ ಮಾತ್ರ ಜೆಂಟೂದ ಕಥೆಯೇ ಇಲ್ಲೂ. ಆಗ ಒಂದು ಪ್ಯಾಕೇಜಿಗಷ್ಟೇ ಟೆಸ್ಟ್ ಬಿಡಿಸುವ ‘ವಿದೌಟ್ ಟೆಸ್ಟ್ಸ್’ ಆಯ್ಕೆ ಇದೆ.

ಈಗ ನಾನು ನಡೆಸುವುದು ಹೀಗೆ. ದಿನದ ಕೆಲಸಕ್ಕೆ ಗೀಕ್ಸ್. ಲೆಕ್ಕ ಮತ್ತು ಹೆಸರು ಮುಟ್ಟುವ ಪರ್ಲ್ ಮಾಡ್ಯೂಲ್‌ಗಳಿಗೆ ಟೆಸ್ಟ್ ಕಡ್ಡಾಯ, ಬಿದ್ದರೆ ಲಾಗ್ ಓದದೆ ಮುಂದೆ ಹೋಗುವುದಿಲ್ಲ. ಪಿಪ್‌ಗೆ ನಾನೇ ಒಂದು ಪುಟ್ಟ ಸ್ಕ್ರಿಪ್ಟ್ ಬರೆದಿಟ್ಟಿದ್ದೇನೆ. ಹೊಸದೇನಾದರೂ ಹಾಕಿದ ಕೂಡಲೇ ಅದು ಹಳೆಯ ಸೀಸನ್ನಿನ ಒಂದು ಫೈಲ್ ಓದಿ ಮೊತ್ತ ತಾಳೆ ನೋಡುತ್ತದೆ. ಒಂದು ರೂಪಾಯಿ ಹೆಚ್ಚು ಕಡಿಮೆ ಬಂದರೂ ಹಳೆಯ ಆವೃತ್ತಿಗೇ ವಾಪಸ್.